ಪರೀಕ್ಷೆಯೂ ಸ್ವಾಧ್ಯಾಯವೂ

ವಿದ್ಯಾರ್ಥಿಯು ಇಂದು ಯಾವ ಗ್ರಂಥವನ್ನು ತೆರೆಯಬೇಕು, ಎಷ್ಟು ದೂರ ಓದಬೇಕು, ಓದಿದ್ದು ತನಗೆ ನಿಜವಾಗಿ ತಿಳಿಯಿತೋ ಇಲ್ಲವೋ ಎಂಬುದನ್ನು ನಿರ್ಣಯಿಸತಕ್ಕವರು ಯಾರು? ನಮ್ಮ ಹಿರಿಯರು ಇದಕ್ಕೆ ಕೊಟ್ಟ ಉತ್ತರವು ಸ್ವಾಧ್ಯಾಯವೆಂಬ ಒಂದು ಶಬ್ದದಲ್ಲಿ ಅಡಗಿರುವದು. ತನ್ನ ಶಾಖೆಯ ವೇದಭಾಗವನ್ನು ಅಧ್ಯಯನ ಮಾಡುವದೆಂಬುದು ಆ ಶಬ್ದದ ಮೂಲಾರ್ಥವು. ಆದರೂ ಗುರುಮುಖದಿಂದ ಪಡೆದದ್ದನ್ನು ತಾನೇ ಮರಳಿ ಮರಳಿ ಆವರ್ತಿಸಿ, ತಾನೇ ಒರೆಗೆ ಹಚ್ಚಿ, ತನ್ನದನ್ನಾಗಿ ಮಾಡಿಕೊಳ್ಳುವದೆಂಬ ವಿಶಾಲಾರ್ಥವು ಪಾಠಶಾಲೆಗಳಲ್ಲಿ ಬಹುಕಾಲದಿಂದ ರೂಢಿಯಾಗಿದೆ. ಸುಮಾರು 1980ರ ಈಚೆಗೆ ಅಮೇರಿಕೆಯ ಬ್ಯಾರಿ ಝಿಮ್ಮರ್‌ಮನ್ ಮೊದಲಾದ ಮನಶ್ಶಾಸ್ತ್ರಜ್ಞರು ಈ ವಿಷಯವನ್ನೇ ಬೇರೊಂದು ಪರಿಭಾಷೆಯಲ್ಲಿ ವಿವೇಚಿಸಿದ್ದಾರೆ. ಓದುವ ಮುನ್ನ ಗುರಿಯನ್ನು ತಾನೇ ಗೊತ್ತುಪಡಿಸಿಕೊಳ್ಳುವದು, ಓದುವಾಗ ತನ್ನ ನಡೆಯನ್ನು ತಾನೇ ನೋಡಿಕೊಳ್ಳುವದು, ಓದಿದ ಮೇಲೆ ಫಲವನ್ನು ತಾನೇ ತೂಗಿ ನೋಡುವದು, ಇವು ಮೂರೂ ಕೂಡಿದಲ್ಲಿ ಮಾತ್ರ ವಿದ್ಯೆಯು ವಿದ್ಯಾರ್ಥಿಯ ಸ್ವಾಧೀನವಾಗುವದೆಂದು ಅವರ ಮತವು.

ಶ್ರೀಮಠದ ಆಶ್ರಯದಲ್ಲಿ ಒಂದು ಕಡೆ ಸಂಸ್ಕೃತ ಪಾಠಶಾಲೆಯೂ, ಮತ್ತೊಂದು ಕಡೆ ಕಾಲೇಜುಗಳಿಗೆ ಹೋಗುವ ಮಕ್ಕಳ ಸಲುವಾಗಿ ಪ್ರಸಾದನಿಲಯವೂ ನಡೆದುಬಂದಿರುವದರಿಂದ, ಈ ಮಹೋತ್ಸವದ ಗ್ರಂಥದಲ್ಲಿ ಇಂಥ ವಿಚಾರವು ಅಪ್ರಸ್ತುತವಾಗಲಾರದು. ನಿಲಯದ ಪಡಸಾಲೆಯಲ್ಲಿ ಹುಡುಗರು ಕೂಡಿದಾಗ, ಈ ಪಾಠದಲ್ಲಿ ಏನು ಹೇಳಿದೆ ಎಂಬ ಮಾತಿಗಿಂತ, ಈ ಪಾಠದ ಮೇಲೆ ಎಷ್ಟು ಮಾರ್ಕಿನ ಪ್ರಶ್ನೆ ಬರುವದು ಎಂಬ ಮಾತೇ ಹೆಚ್ಚಾಗಿ ಕೇಳಿಬರುವದು. ಹಿರಿಯರು ಇದನ್ನು ಕೇಳಿ ಹುಡುಗರ ಆಲಸ್ಯವನ್ನು ನಿಂದಿಸುತ್ತಾರೆ. ನನಗಾದರೂ ಹಾಗೆ ತೋರುವದಿಲ್ಲ. ಪರೀಕ್ಷೆಯ ಆಕಾರವು ಹೇಗೋ ಓದಿನ ಆಕಾರವೂ ಹಾಗೆಯೇ. ಈ ಮಕ್ಕಳು ತಮ್ಮ ಮುಂದಿರುವ ಪರೀಕ್ಷೆಗೆ ತಕ್ಕಂತೆ ಓದುತ್ತಿರುವರು, ಅಷ್ಟೇ. ಆ ಪರೀಕ್ಷೆಯು ಎಲ್ಲಿ ಹುಟ್ಟಿತು, ಯಾವ ದಾರಿಯಿಂದ ನಮ್ಮಲ್ಲಿಗೆ ಬಂದಿತು, ಬರುವಾಗ ಏನನ್ನು ತಂದಿತು, ಏನನ್ನು ಕಳೆಯಿತು ಎಂಬುದನ್ನು ಚರಿತ್ರೆಯ ಆಧಾರದಿಂದ ನಿರೂಪಿಸುವದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ನಮ್ಮಲ್ಲಿದ್ದುದನ್ನು ಎರಡು ಮಾತಿನಲ್ಲಿ ಹೇಳುವೆನು. ಮಿಥಿಲೆಯ ನ್ಯಾಯಶಾಸ್ತ್ರದ ಪಾಠಶಾಲೆಗಳಲ್ಲಿ ಶಲಾಕಾಪರೀಕ್ಷೆಯೆಂಬುದೊಂದು ಪ್ರಸಿದ್ಧವಾಗಿತ್ತು. ತಾಳೆಗರಿಯ ಗ್ರಂಥಕ್ಕೆ ಸೂಜಿಯಂಥ ಶಲಾಕೆಯನ್ನು ಚುಚ್ಚಿ, ಅದರ ಮೊನೆಯು ಯಾವ ಗರಿಯಲ್ಲಿ ನಿಲ್ಲುವದೋ ಆ ಗರಿಯ ವಿಷಯವನ್ನು ವಿದ್ಯಾರ್ಥಿಯು ಅಲ್ಲಿಯೇ ವಿವರಿಸಬೇಕು. ಗ್ರಂಥದ ಇಂಥ ಭಾಗವು ಮುಖ್ಯ, ಇಂಥದು ಅಮುಖ್ಯವೆಂದು ಆರಿಸಿ ಬಿಡುವದಕ್ಕೆ ಇಲ್ಲಿ ಆಸ್ಪದವೇ ಇಲ್ಲ, ಶಲಾಕೆಗೆ ದಾಕ್ಷಿಣ್ಯವೆಲ್ಲಿಯದು? ಇನ್ನು ವೇದಾಧ್ಯಯನದಲ್ಲಿ ಪದ, ಕ್ರಮ, ಜಟಾ, ಘನ ಎಂಬ ಪಾಠಕ್ರಮಗಳುಂಟಷ್ಟೆ. ಪದಗಳನ್ನು ಹಿಂದೆ ಮುಂದೆ ಹೆಣೆದು ಹೇಳುವ ಈ ರೀತಿಯಲ್ಲಿ ಒಂದು ಅಕ್ಷರವು ತಪ್ಪಿದರೂ ಮುಂದಿನ ಹೆಣಿಗೆಯು ಕೂಡದೆ ಹೋಗುವದರಿಂದ, ತಪ್ಪು ಹೇಳಿದವನಿಗೇ ಅದು ಗೊತ್ತಾಗುವದು. ಪರೀಕ್ಷಕನು ಪಾಠದ ಒಳಗೇ ಕುಳಿತಿರುವನೆಂದರೂ ಸಲ್ಲುವದು. ಶಾಸ್ತ್ರಗಳಲ್ಲಿ ವಾಕ್ಯಾರ್ಥಸಭೆಯು ಇದೇ ಕೆಲಸವನ್ನು ಮಾಡುತ್ತಿತ್ತು. ಪೂರ್ವಪಕ್ಷವನ್ನು ಎದುರಾಳಿಯು ಎತ್ತುವ ಮುನ್ನವೇ ತಾನು ಎತ್ತಿಕೊಂಡು ಉತ್ತರವನ್ನು ಹುಡುಕದವನು ಸಭೆಯಲ್ಲಿ ನಿಲ್ಲಲಾರನು.

ಪಾಠಶಾಲೆಯ ದಾರಿಯಲ್ಲಿ ಬಂದವನಾದರೂ, ಅಲ್ಲಿ ದೋಷವಿರಲಿಲ್ಲವೆಂದು ನಾನು ಹೇಳಲಾರೆನು. ಅಮರಕೋಶವನ್ನು ಆಮೂಲಾಗ್ರವಾಗಿ ಒಪ್ಪಿಸಿ ಒಂದು ಪದದ ಪ್ರಯೋಗವನ್ನೂ ಅರಿಯದ ವಟುಗಳು ಎಲ್ಲ ಕಾಲದಲ್ಲಿಯೂ ಇದ್ದರು. ಅದಕ್ಕಿಂತ ದೊಡ್ಡ ದೋಷವೆಂದರೆ, ಆ ಪಾಠಶಾಲೆಗಳ ಬಾಗಿಲುಗಳು ಸ್ತ್ರೀಯರಿಗೂ ಅನೇಕ ಜಾತಿಗಳವರಿಗೂ ಮುಚ್ಚಿದ್ದವು. ಪರೀಕ್ಷೆಯು ಎಷ್ಟು ಉತ್ತಮವಾಗಿದ್ದರೇನು, ಅದರ ಸಮೀಪಕ್ಕೆ ಬರುವದಕ್ಕೇ ಬಹುಜನರಿಗೆ ಅಪ್ಪಣೆಯಿಲ್ಲದಿದ್ದಾಗ!

ಈಗ ಇಂಗ್ಲಂಡದ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಡೆಗೆ ವಾಚಕರು ಚಿತ್ತವನ್ನು ತಿರುಗಿಸಬೇಕು. ಅಷ್ಟು ದೂರ ಹೋಗುವದೇಕೆಂದರೆ, ನಮ್ಮ ಮಕ್ಕಳು ಇಂದು ಬರೆಯುವ ಪ್ರಶ್ನಪತ್ರಿಕೆಯ ವಂಶವೃಕ್ಷವನ್ನು ಹಿಡಿದು ಏರಿದರೆ ಅಲ್ಲಿಗೇ ಹೋಗಿ ಮುಟ್ಟುವೆವು.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕೇಂಬ್ರಿಜ್ಜಿನ ಪರೀಕ್ಷೆಯು ನಮ್ಮ ವಾಕ್ಯಾರ್ಥವನ್ನೇ ಹೋಲುತ್ತಿತ್ತು. ವಿದ್ಯಾರ್ಥಿಯು ಮೂರು ಪ್ರಮೇಯಗಳನ್ನು ಮುಂದಿಟ್ಟು, ಲ್ಯಾಟಿನ್ ಭಾಷೆಯಲ್ಲಿ, ಮಧ್ಯಸ್ಥನೊಬ್ಬನ ಸಮಕ್ಷಮದಲ್ಲಿ, ಎದುರಾಳಿಗಳ ಆಕ್ಷೇಪಗಳಿಗೆ ಸಮಾಧಾನ ಹೇಳಬೇಕಾಗಿತ್ತು. ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದ ಗಣಿತಜ್ಞನಿಗೆ ‘ರ‍್ಯಾಂಗ್ಲರ್’ ಎಂಬ ಬಿರುದು ಬಂದದ್ದು ಇದರಿಂದಲೇ. ಆ ಶಬ್ದಕ್ಕೆ ವಾಗ್ವಾದ ಮಾಡುವವನೆಂದು ಅರ್ಥ. ಪರೀಕ್ಷೆಯ ‘ಟ್ರೈಪಾಸ್’ ಎಂಬ ಹೆಸರು ಕೂಡ ವಾದದ ಸಮಯದಲ್ಲಿ ಕುಳಿತುಕೊಳ್ಳುತ್ತಿದ್ದ ಮೂರು ಕಾಲಿನ ಮಣೆಯಿಂದ ಬಂದುದೆಂದು ಹೇಳುವರು. ಕಾಲಕ್ರಮದಲ್ಲಿ ವಿದ್ಯಾರ್ಥಿಗಳ ಯೋಗ್ಯತೆಯನ್ನು ಸೂಕ್ಷ್ಮವಾಗಿ ಅಳೆದು ಒಬ್ಬರ ಕೆಳಗೊಬ್ಬರನ್ನು ಕ್ರಮಾಂಕದಿಂದ ನಿಲ್ಲಿಸಬೇಕೆಂಬ ಆಸೆಯು ಪ್ರಬಲವಾಯಿತು. ಮಾತಿನಲ್ಲಿ ನಡೆದ ವಾದವನ್ನು ಅಂಕಗಳಿಂದ ಅಳೆಯುವದು ಕಷ್ಟ. ಕಾಗದದ ಮೇಲಿನ ಲೆಕ್ಕವನ್ನು ಅಳೆಯುವದು ಸುಲಭ. ಹೀಗಾಗಿ ಬರಹದ ಪರೀಕ್ಷೆಯು ಮೆಲ್ಲಮೆಲ್ಲನೆ ಬೆಳೆದು, 1840ರ ಸುಮಾರಿಗೆ ವಾದಪದ್ಧತಿಯು ಪೂರ್ಣವಾಗಿ ನಿಂತುಹೋಯಿತು. ವಾದವು ಹೋದ ಮೇಲೂ ವಾಗ್ವಾದಿಯೆಂಬ ಬಿರುದು ಮಾತ್ರ ಉಳಿಯಿತು!

ಈ ಬದಲಾವಣೆಯಿಂದ ಲಾಭವಾಗಲಿಲ್ಲವೆಂದಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅವಧಿ. ಕುಲೀನನಿಗೂ ಬಡಪಾದ್ರಿಯ ಮಗನಿಗೂ ಒಂದೇ ತಕ್ಕಡಿ. ಸ್ತ್ರೀಯರಿಗೆ ಪದವಿಯನ್ನೇ ಕೊಡದಿದ್ದ ಆ ಕಾಲದಲ್ಲಿ, 1890ರಲ್ಲಿ, ಫಿಲಿಪಾ ಫಾಸೆಟ್ ಎಂಬ ತರುಣಿಯು ಆ ವರ್ಷದ ಪ್ರಥಮ ರ‍್ಯಾಂಗ್ಲರನಿಗಿಂತಲೂ ಮೇಲಿನ ಸ್ಥಾನವನ್ನು ಗಳಿಸಿದಳೆಂದು ಸಭೆಯಲ್ಲಿ ಓದಿ ಹೇಳಲೇಬೇಕಾಯಿತು. ಅಂಕಗಳ ಈ ನಿಷ್ಪಕ್ಷಪಾತಕ್ಕೆ ಯಾರಾದರೂ ತಲೆವಾಗತಕ್ಕದ್ದೇ.

ಆದರೆ ವಿದ್ಯಾರ್ಥಿಯ ಓದಿಗೆ ಏನಾಯಿತು? 1854ರ ಟ್ರೈಪಾಸ್ ಪರೀಕ್ಷೆಯಲ್ಲಿ ಎಂಟು ದಿನಗಳಲ್ಲಿ 16 ಪತ್ರಿಕೆಗಳು. ಒಟ್ಟು 211 ಪ್ರಶ್ನೆಗಳು. ಇಷ್ಟನ್ನು ಅಷ್ಟು ವೇಗದಿಂದ ಬಿಡಿಸಬೇಕಾದರೆ ಯೋಚಿಸುತ್ತ ಕೂತರೆ ಸಾಗದು. ಕೈ ತಾನಾಗಿ ಓಡಬೇಕು. ಕಾಲೇಜಿನ ಪ್ರಾಧ್ಯಾಪಕರ ಉಪನ್ಯಾಸಗಳಿಂದ ಇದು ಸಾಧಿಸದೆಂದು ಕಂಡ ವಿದ್ಯಾರ್ಥಿಗಳು ಖಾಸಗಿ ಶಿಕ್ಷಕರನ್ನು ಆಶ್ರಯಿಸಿದರು. ಇವರಿಗೆ ಕೋಚ್ ಎಂದು ಹೆಸರಾಯಿತು. ವಿಲಿಯಂ ಹಾಪ್ಕಿನ್ಸ್ ಎಂಬವರಿಗೆ ರ‍್ಯಾಂಗ್ಲರುಗಳನ್ನು ತಯಾರಿಸುವವರೆಂದೇ ಪ್ರಸಿದ್ಧಿ ಬಂದಿತು. 1849ರ ಹೊತ್ತಿಗೆ ಅವರ ಶಿಷ್ಯರಲ್ಲಿ 17 ಜನರು ಪ್ರಥಮ ಸ್ಥಾನವನ್ನು ಪಡೆದಿದ್ದರು. ಅವರ ಶಿಷ್ಯರಾದ ಎಡ್ವರ್ಡ್ ರೌತ್ ಎಂಬವರು ಗುರುವನ್ನೂ ಮೀರಿಸಿದರು. 1855ರಿಂದ 1888ರ ವರೆಗೆ ಆರುನೂರಕ್ಕೆ ಮಿಕ್ಕಿ ವಿದ್ಯಾರ್ಥಿಗಳು ಅವರಲ್ಲಿ ಪಾಠ ಹೇಳಿಸಿಕೊಂಡರು. ಚಿಕ್ಕ ಚಿಕ್ಕ ತಂಡಗಳು, ಗಳಿಗೆ ತಪ್ಪದ ಪಾಠ, ತಾವೇ ಸಿದ್ಧಪಡಿಸಿದ ಟಿಪ್ಪಣಿಗಳು, ವಾರಕ್ಕೊಂದು ಲೆಕ್ಕಗಳ ಪತ್ರಿಕೆ, ಅದನ್ನು ತಿದ್ದಿ ಅಂಕಗಳ ಪಟ್ಟಿಯನ್ನು ಎಲ್ಲರೂ ನೋಡುವಂತೆ ಇಡುವದು, ಜೊತೆಗೆ ಮಾದರಿ ಉತ್ತರ. ಇಂದಿನ ಕೋಚಿಂಗ್ ಕೇಂದ್ರಗಳಲ್ಲಿ ನಡೆಯುವದರಲ್ಲಿ ರೌತ್ ಅವರಿಗೆ ತಿಳಿಯದಿದ್ದುದು ಏನಿದೆಯೋ ನಾನು ಕಾಣೆನು.

ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು, ಎಷ್ಟು ಬಂದರೆ ಸಾಕು ಎಂಬ ಮೂರು ನಿರ್ಣಯಗಳೂ ಹೀಗೆ ವಿದ್ಯಾರ್ಥಿಯ ಕೈ ತಪ್ಪಿ ಕೋಚಿನ ಕೈ ಸೇರಿದವು. ಟ್ರಿನಿಟಿ ಕಾಲೇಜಿನ ವಿಲಿಯಂ ಹ್ಯೂವೆಲ್ ಎಂಬ ಪಂಡಿತರು 1837ರಷ್ಟು ಹಿಂದೆಯೇ ಇದನ್ನು ಗುರುತಿಸಿ, ಗುರುವು ನೇರವಾಗಿ ಕಲಿಸುವದು ಬೇರೆ, ಪರೀಕ್ಷೆಯ ಆಸೆ ತೋರಿಸಿ ಪರೋಕ್ಷವಾಗಿ ಕಲಿಸುವದು ಬೇರೆ ಎಂದು ವಿಂಗಡಿಸಿ ಬರೆದಿದ್ದರು.

ಈ ಪದ್ಧತಿಯಿಂದ ದೊಡ್ಡವರು ಹುಟ್ಟಲಿಲ್ಲವೇ ಎಂದು ಕೇಳಬಹುದು. ಹುಟ್ಟಿದರು. ಹಾಪ್ಕಿನ್ಸರ ಗರಡಿಯಿಂದಲೇ ಸ್ಟೋಕ್ಸ್, ಕೆಲ್ವಿನ್, ಮ್ಯಾಕ್ಸ್‌ವೆಲ್ ಬಂದರು. ಆದರೆ ಕ್ರಮಾಂಕಗಳನ್ನು ನೋಡುವದಾದರೆ, ಮುಂದೆ ಲಾರ್ಡ್ ಕೆಲ್ವಿನ್ನರೆಂದು ಜಗತ್ಪ್ರಸಿದ್ಧರಾದ ವಿಲಿಯಂ ಥಾಮ್ಸನ್ನರು 1845ರಲ್ಲಿ ಎರಡನೆಯವರು; 1854ರಲ್ಲಿ ರೌತ್ ಮೊದಲನೆಯವರು, ವಿದ್ಯುತ್ತು, ಅಯಸ್ಕಾಂತ, ಬೆಳಕುಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿದ ಮ್ಯಾಕ್ಸ್‌ವೆಲ್ಲರು ಎರಡನೆಯವರು. ಪರೀಕ್ಷೆಯ ವೇಗವನ್ನು ಅಳೆಯುವ ಕೋಲಿಗೆ ವಿಚಾರದ ಆಳವು ಸಿಕ್ಕಲಿಲ್ಲ.

ಹಾರ್ಡಿಯವರ ವೃತ್ತಾಂತವು ಇನ್ನೂ ಬೋಧಪ್ರದವಾಗಿದೆ. ಜಿ. ಎಚ್. ಹಾರ್ಡಿಯವರು 1898ರಲ್ಲಿ ನಾಲ್ಕನೆಯ ರ‍್ಯಾಂಗ್ಲರ್ ಆದರು. ಮೊದಲು ಅವರನ್ನು ಒಬ್ಬ ಹೆಸರಾಂತ ಕೋಚಿಗೆ ಒಪ್ಪಿಸಲಾಗಿತ್ತು. ಅಲ್ಲಿಯ ಕಸರತ್ತಿನಿಂದ ಬೇಸತ್ತು, ಪ್ರೊಫೆಸರ್ ಲವ್ ಅವರನ್ನು ಆಶ್ರಯಿಸಿದರು. ಲವ್ ಅವರು ಫ್ರಾನ್ಸ್ ದೇಶದ ಜೋರ್ಡಾನ್ ಎಂಬ ಗಣಿತಜ್ಞರ ದೊಡ್ಡ ಗ್ರಂಥವನ್ನು ಓದೆಂದು ಸೂಚಿಸಿದರು. ಅದನ್ನು ತಾನಾಗಿ ಓದಿದಾಗಲೇ ಗಣಿತವೆಂದರೇನೆಂಬುದು ತಮಗೆ ಮೊದಲ ಬಾರಿಗೆ ತಿಳಿಯಿತೆಂದು ಹಾರ್ಡಿಯವರು ಮುಂದೆ ಬರೆದಿಟ್ಟರು. ಇವರೂ ಇವರಂಥವರೂ ಮಾಡಿದ ಪ್ರಯತ್ನದಿಂದ ಕ್ರಮಾಂಕದ ಪಟ್ಟಿಯು 1909ರಲ್ಲಿ ಕಡೆಯ ಬಾರಿಗೆ ಪ್ರಕಟವಾಗಿ ನಿಂತಿತು. ಅಷ್ಟಕ್ಕೇ ತೃಪ್ತರಾಗದೆ 1926ರಲ್ಲಿ, ಗಣಿತಶಿಕ್ಷಕರ ಸಂಘವೊಂದರ ಅಧ್ಯಕ್ಷಭಾಷಣದಲ್ಲಿ, ಟ್ರೈಪಾಸನ್ನೇ ತೆಗೆದುಹಾಕಬೇಕೆಂದು ಅವರು ವಾದಿಸಿದರು.

ಇಲ್ಲಿ ನಮ್ಮ ನಾಡಿನ ಒಂದು ಮಾತು. ಗೋಕಾವಿ ತಾಲೂಕಿನ ಮಮದಾಪುರದಿಂದ ಹೊರಟು ಕೇಂಬ್ರಿಜ್ಜಿಗೆ ಹೋಗಿ ರ‍್ಯಾಂಗ್ಲರ್ ಆಗಿ ಬಂದ ಡಿ. ಸಿ. ಪಾವಟೆಯವರ ಹೆಸರನ್ನು ಕೇಳದ ಭಕ್ತರು ವಿರಳ. 1954ರಿಂದ 1967ರ ವರೆಗೆ ಅವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಪುಣೆಯ ಪರಾಂಜಪೆಯವರು 1899ರಲ್ಲಿ ಪ್ರಥಮ ಸ್ಥಾನವನ್ನು ಮತ್ತೊಬ್ಬರೊಡನೆ ಹಂಚಿಕೊಂಡರೆಂಬುದನ್ನು ಬಲ್ಲವರು, ಹಾಗಾದರೆ ನಮ್ಮ ಪಾವಟೆಯವರು ಎಷ್ಟನೆಯ ರ‍್ಯಾಂಗ್ಲರ್ ಎಂದು ಕೇಳುವದುಂಟು. ಅದಕ್ಕೆ ಉತ್ತರವಿಲ್ಲ. ಅವರು ತೇರ್ಗಡೆಯಾದದ್ದು 1909ರ ತರುವಾಯ. ಆಗ ರ‍್ಯಾಂಗ್ಲರುಗಳ ಹೆಸರುಗಳನ್ನು ಅಕ್ಷರಾನುಕ್ರಮದಿಂದ ಮಾತ್ರ ಪ್ರಕಟಿಸುತ್ತಿದ್ದರು.

ಕೇಂಬ್ರಿಜ್ಜು ತನ್ನ ರೋಗವನ್ನು ಅರಿತು ಮದ್ದು ಹುಡುಕುತ್ತಿರುವಾಗಲೇ, ಆ ರೋಗವು ಸಮುದ್ರವನ್ನು ದಾಟಿ ನಮ್ಮಲ್ಲಿಗೆ ಬಂದು ಬಹಳ ಕಾಲವಾಗಿತ್ತು. ನಡುವಿನ ಸೇತುವೆಯೆಂದರೆ 1836ರಲ್ಲಿ ಸನದು ಪಡೆದ ಲಂಡನ್ ವಿಶ್ವವಿದ್ಯಾಲಯವು. ಅದು ತಾನು ಪಾಠ ಹೇಳುತ್ತಿರಲಿಲ್ಲ. ಬೇರೆ ಕಾಲೇಜುಗಳಲ್ಲಿ ಓದಿದವರನ್ನು ಪರೀಕ್ಷಿಸಿ ಪದವಿ ಕೊಡುವದಷ್ಟೇ ಅದರ ಕೆಲಸ. 1854ರ ವುಡ್ ಸಾಹೇಬರ ಶಿಕ್ಷಣಪತ್ರವು ಹಿಂದುಸ್ಥಾನಕ್ಕೆ ಇದೇ ಮಾದರಿಯನ್ನು ವಿಧಿಸಿತು. 1857ರಲ್ಲಿ, ದಂಗೆಯ ಬೆಂಕಿಯು ಉತ್ತರದೇಶವನ್ನು ಸುಡುತ್ತಿದ್ದ ಆ ವರ್ಷದಲ್ಲಿಯೇ, ಕಲಕತ್ತೆ, ಮುಂಬಯಿ, ಮದ್ರಾಸುಗಳಲ್ಲಿ ಮೂರು ವಿಶ್ವವಿದ್ಯಾಲಯಗಳು ಸ್ಥಾಪಿತವಾದವು. ಕೇಂಬ್ರಿಜ್ಜಿನಲ್ಲಿ ಪರೀಕ್ಷೆಯೊಡನೆ ಕಾಲೇಜಿನ ಸಹವಾಸವಿತ್ತು, ಗುರುವಿನ ಮನೆಯಿತ್ತು. ಇಲ್ಲಿಗೆ ಬಂದದ್ದು ಪರೀಕ್ಷೆಯೊಂದೇ, ಅದೂ ಪರಭಾಷೆಯಲ್ಲಿ. ಕಲಕತ್ತೆಯಲ್ಲಿ 1858ರಲ್ಲಿ ನಡೆದ ಪ್ರಥಮ ಬಿ. ಎ. ಪರೀಕ್ಷೆಯಲ್ಲಿ ಇಬ್ಬರು ಮಾತ್ರ ತೇರ್ಗಡೆಯಾದರು. ಆ ಇಬ್ಬರಿಗೂ ಕೃಪಾಂಕಗಳನ್ನು ಕೊಡಬೇಕಾಯಿತು! ಅವರಲ್ಲೊಬ್ಬರು ಬಂಕಿಮಚಂದ್ರ ಚಟರ್ಜಿಯವರು.

ಕನ್ನಡ ನಾಡಿನ ಮಕ್ಕಳ ಪಾಡಂತೂ ವಿಚಿತ್ರವಾಗಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಹುಟ್ಟುವ ವರೆಗೆ ಮೈಸೂರು, ಬೆಂಗಳೂರುಗಳ ಕಾಲೇಜುಗಳು ಮದ್ರಾಸಿಗೆ ಸೇರಿದ್ದವು. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದರೂ, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪನೆಯಾಗುವ ತನಕ ಪ್ರಶ್ನಪತ್ರಿಕೆಗಳು ಬರುತ್ತಿದ್ದದ್ದು ಮುಂಬಯಿಯಿಂದ. ಪಾಠ ಹೇಳಿದ ಗುರುವಿಗೆ ಪ್ರಶ್ನೆಯು ತಿಳಿಯದು. ಪ್ರಶ್ನೆ ಕೇಳಿದವನಿಗೆ ವಿದ್ಯಾರ್ಥಿಯ ಮುಖವು ತಿಳಿಯದು. ಇವರಿಬ್ಬರ ನಡುವೆ ಸಿಕ್ಕ ವಿದ್ಯಾರ್ಥಿಯು ಹಳೆಯ ಪ್ರಶ್ನಪತ್ರಿಕೆಗಳನ್ನೂ ನೋಟ್ಸುಗಳನ್ನೂ ಗೈಡುಗಳನ್ನೂ ಆಶ್ರಯಿಸಿದರೆ ಅದರಲ್ಲಿ ಆಶ್ಚರ್ಯವೇನು? ಬಡವನ ಮನೆಯ ರೌತ್ ಸಾಹೇಬರೆಂದರೆ ಈ ಗೈಡುಗಳೇ.

ಅಧಿಕಾರಿಗಳಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಕರ್ಜನ್ ಸಾಹೇಬರು ನೇಮಿಸಿದ 1902ರ ವಿಶ್ವವಿದ್ಯಾಲಯ ಆಯೋಗವು, ಇಲ್ಲಿ ಪಾಠವು ಪರೀಕ್ಷೆಗೆ ಅಧೀನವಾಗಿದೆ, ಪರೀಕ್ಷೆಯು ಪಾಠಕ್ಕೆ ಅಧೀನವಾಗಿಲ್ಲ, ಇದೇ ಎಲ್ಲಕ್ಕಿಂತ ದೊಡ್ಡ ಕೆಡುಕು ಎಂಬರ್ಥದ ಮಾತನ್ನು ಸ್ಪಷ್ಟವಾಗಿ ಹೇಳಿತು. 1948–49ರ ರಾಧಾಕೃಷ್ಣನ್ ಆಯೋಗವು, ಉನ್ನತ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸೆಂದರೆ ಅದು ಪರೀಕ್ಷೆಯದೇ ಎಂದಿತು. 2020ರ ರಾಷ್ಟ್ರೀಯ ಶಿಕ್ಷಣನೀತಿಯೂ ಕೊನೆಯ ಪರೀಕ್ಷೆಯ ಭಾರವನ್ನು ಇಳಿಸಿ, ಕಲಿಕೆಗೆ ನೆರವಾಗುವ ನಿತ್ಯದ ಮೌಲ್ಯಮಾಪನವನ್ನು ಕೈಕೊಳ್ಳಬೇಕೆಂದು ಹೇಳುವದು. ನೂರಾಹದಿನೆಂಟು ವರುಷಗಳಲ್ಲಿ ಮಾತು ಬದಲಾಗಿಲ್ಲ. ಪದ್ಧತಿಯು ಮಾತ್ರ ಅಲ್ಪಸ್ವಲ್ಪ ಬದಲಾಗಿದೆ: ವರ್ಷಕ್ಕೊಮ್ಮೆ ಇದ್ದ ಪರೀಕ್ಷೆಯು ಸೆಮಿಸ್ಟರಿಗೊಮ್ಮೆ ಆಯಿತು, ಅಧ್ಯಾಪಕರ ಕೈಯಲ್ಲಿ ಆಂತರಿಕ ಅಂಕಗಳು ಬಂದವು. ಇದರ ಉದ್ದೇಶವು ಒಳ್ಳೆಯದು. ಆದರೆ ಕಿರುಪರೀಕ್ಷೆಯ ಉತ್ತರಪತ್ರಿಕೆಯು ಅಂಕವೊಂದನ್ನೇ ಹೊತ್ತು ಮರಳಿ ಬಂದರೆ, ಎಲ್ಲಿ ತಪ್ಪಿತು, ಏಕೆ ತಪ್ಪಿತು ಎಂಬ ಎರಡು ಸಾಲೂ ಅದರ ಮೇಲೆ ಇಲ್ಲದಿದ್ದರೆ, ಒಂದು ದೊಡ್ಡ ಭಯವನ್ನು ಹತ್ತು ಚಿಕ್ಕ ಭಯಗಳನ್ನಾಗಿ ಒಡೆದಂತಾಗುವದೇ ಹೊರತು ವಿದ್ಯಾರ್ಥಿಯ ಸ್ವಾಧ್ಯಾಯಕ್ಕೆ ಅದರಿಂದ ಏನೂ ದೊರೆಯದು.

ಹಾಗಾದರೆ ಸ್ವಾಧ್ಯಾಯವನ್ನು ಬೆಳೆಸುವ ಪರೀಕ್ಷೆಯು ಈ ವಿಶ್ವವಿದ್ಯಾಲಯಗಳಲ್ಲಿ ಸಾಧ್ಯವೇ ಇಲ್ಲವೇ? ಒಮ್ಮೆ ಸಾಧ್ಯವಾಗಿತ್ತು. ಅದೂ ಮದ್ರಾಸಿನಲ್ಲಿಯೇ.

ಲಂಡನ್ನಿನಲ್ಲಿ ಜಿ. ಎಸ್. ಕಾರ್ ಎಂಬ ಖಾಸಗಿ ಶಿಕ್ಷಕರಿದ್ದರು. ಟ್ರೈಪಾಸಿಗೆ ಕೂಡುವವರಿಗೆ ಪಾಠ ಹೇಳುತ್ತ ಮಾಡಿಕೊಂಡ ಟಿಪ್ಪಣಿಗಳನ್ನು ಕೂಡಿಸಿ 1880ರ ನಂತರ ಅವರೊಂದು ಪುಸ್ತಕವನ್ನು ಅಚ್ಚುಹಾಕಿಸಿದರು. ಸುಮಾರು ಐದು ಸಾವಿರ ಸಿದ್ಧಾಂತಗಳು ಸಾಲಾಗಿ. ಉಪಪತ್ತಿಯೆಂದರೆ ಒಂದೆರಡು ಸಾಲಿನ ಸೂಚನೆ, ಹಲವು ಕಡೆ ಅದೂ ಇಲ್ಲ. ನಿಜ ಹೇಳಬೇಕೆಂದರೆ ಅದೊಂದು ಗೈಡೇ. 1903ರ ಸುಮಾರಿಗೆ ಆ ಪುಸ್ತಕವು ಕುಂಭಕೋಣದ ಒಬ್ಬ ಬಡಹುಡುಗನ ಕೈಗೆ ಬಂದಿತು. ಶ್ರೀನಿವಾಸ ರಾಮಾನುಜನ್ ಅವರು ಅದನ್ನು ಬಾಯಿಪಾಠ ಮಾಡುವದಕ್ಕಾಗಿ ಓದಲಿಲ್ಲ. ಕೊಟ್ಟಿರದ ಉಪಪತ್ತಿಗಳನ್ನು ತಾವೇ ಹುಡುಕುತ್ತ, ಒಂದರಿಂದ ಮತ್ತೊಂದಕ್ಕೆ ದಾರಿ ಮಾಡಿಕೊಳ್ಳುತ್ತ, ಪುಸ್ತಕವು ಮುಗಿದ ಕಡೆಯಿಂದ ತಮ್ಮ ಸ್ವಂತ ಟಿಪ್ಪಣಿಪುಸ್ತಕಗಳನ್ನು ಆರಂಭಿಸಿದರು. ಪರೀಕ್ಷೆಗಾಗಿ ಕಟ್ಟಿದ ಬುತ್ತಿಯು ಪರೀಕ್ಷೆಯ ಭಯವಿಲ್ಲದವನ ಕೈಯಲ್ಲಿ ಬೀಜವಾಯಿತು.

ಪರೀಕ್ಷೆಯು ಅವರನ್ನು ಸುಮ್ಮನೆ ಬಿಡಲಿಲ್ಲ. ಗಣಿತದ ಹೊರತು ಬೇರೆ ವಿಷಯಗಳಲ್ಲಿ ಮನಸ್ಸು ನಿಲ್ಲದೆ ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನವನ್ನು ಕಳೆದುಕೊಂಡರು. ಮದ್ರಾಸಿನ ಪಚ್ಚಯ್ಯಪ್ಪನ ಕಾಲೇಜಿಗೆ ಸೇರಿ, 1906ರಲ್ಲಿಯೂ 1907ರಲ್ಲಿಯೂ ಎಫ್. ಎ. ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. 1912ರ ಮಾರ್ಚ್ ತಿಂಗಳಲ್ಲಿ ಮದ್ರಾಸು ಬಂದರಿನ ಕಚೇರಿಯಲ್ಲಿ 30 ರೂಪಾಯಿಯ ಕಾರಕೂನರಾದರು. ಮರುವರ್ಷ ಜನವರಿಯಲ್ಲಿ ಅವರು ಬರೆದ ಪತ್ರವು ಹಾರ್ಡಿಯವರ ಕೈಸೇರಿದ ಸಂಗತಿಯು ಜಗದ್ವಿದಿತವಾಗಿದೆ. ಅಷ್ಟು ವಿದಿತವಲ್ಲದ ಇನ್ನೊಂದು ಸಂಗತಿಯುಂಟು. ಅದೇ ಫೆಬ್ರುವರಿಯಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರ್ ಎಂಬವರು ಬಂದರಿಗೆ ಬಂದಿದ್ದಾಗ ರಾಮಾನುಜನ್ ಅವರ ಕೆಲಸವನ್ನು ಕಂಡು, ಈತನಿಗೆ ಓದುವದಕ್ಕೆ ಅವಕಾಶ ಕೊಡಿರೆಂದು ವಿಶ್ವವಿದ್ಯಾಲಯಕ್ಕೆ ಬರೆದರು. ವಾಕರ್ ಅವರು 1889ರ ಪ್ರಥಮ ರ‍್ಯಾಂಗ್ಲರ್. ಕ್ರಮಾಂಕದ ಪದ್ಧತಿಯ ಶಿಖರವನ್ನೇರಿದವರೊಬ್ಬರು, ಎರಡು ಸಾರೆ ನಪಾಸಾದವರ ಯೋಗ್ಯತೆಯನ್ನು ಅಂಕಪಟ್ಟಿಯನ್ನು ಕೇಳದೆ ಗುರುತಿಸಿದರು.

ಸಂಶೋಧನವೇತನವು ಎಂ. ಎ. ಪದವೀಧರರಿಗೆ ಮಾತ್ರ ಸಲ್ಲತಕ್ಕದ್ದೆಂದು ನಿಯಮವಿತ್ತು. ವಿಶ್ವವಿದ್ಯಾಲಯವು ಆ ನಿಯಮವನ್ನು ಬದಿಗಿಟ್ಟು, 1913ರ ಮೇ ತಿಂಗಳಿಂದ ಎರಡು ವರ್ಷಗಳ ವರೆಗೆ ತಿಂಗಳಿಗೆ 75 ರೂಪಾಯಿಗಳನ್ನು ಗೊತ್ತುಮಾಡಿತು. ಹಾಗೆಂದು ಪರೀಕ್ಷೆಯನ್ನು ಪೂರ್ಣವಾಗಿ ಬಿಟ್ಟುಕೊಡಲಿಲ್ಲ. ಮೂರು ತಿಂಗಳಿಗೊಮ್ಮೆ, ತಾನು ಮಾಡಿದ ಕೆಲಸವೇನೆಂಬುದನ್ನು ಗಣಿತಮಂಡಲಿಗೆ ಬರೆದು ಒಪ್ಪಿಸಬೇಕೆಂದು ಕಟ್ಟಳೆ ಮಾಡಿತು. ಇದರಲ್ಲಿ ಪ್ರಶ್ನೆಯನ್ನು ಗೊತ್ತುಮಾಡುವವನು ವಿದ್ಯಾರ್ಥಿಯೇ. ಉತ್ತರವನ್ನು ಹುಡುಕುವವನೂ ಅವನೇ. ಆದರೆ ಬಲ್ಲವರು ಓದಿ ಒಪ್ಪುವಂತೆ ಅದನ್ನು ಕ್ರಮವಾಗಿ ನಿರೂಪಿಸುವ ಹೊಣೆಯು ಅವನ ಮೇಲಿದೆ. ನಮ್ಮ ವಾಕ್ಯಾರ್ಥಕ್ಕೆ ಇದು ಎಷ್ಟು ಸಮೀಪವಾಗಿದೆಯೆಂಬುದನ್ನು ಪಾಠಶಾಲೆಯ ಶಿಷ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಹೊಣೆಯು ರಾಮಾನುಜನ್ ಅವರಿಗೆ ಅವಶ್ಯವೂ ಆಗಿತ್ತು. ಕಾರ್ ಅವರ ಪುಸ್ತಕದಲ್ಲಿ ಉಪಪತ್ತಿಗಳ ಮಾದರಿಯಿಲ್ಲದ್ದರಿಂದ, ಇತರರು ಒಪ್ಪುವಂಥ ಉಪಪತ್ತಿಯು ಹೇಗಿರಬೇಕೆಂಬುದು ಅವರಿಗೆ ಸರಿಯಾಗಿ ಗೊತ್ತಾಗಿರಲಿಲ್ಲ. ಕೇಂಬ್ರಿಜ್ಜಿನಲ್ಲಿ ಹಾರ್ಡಿಯವರು ಬಹಳ ಎಚ್ಚರಿಕೆಯಿಂದ ಈ ಕೊರತೆಯನ್ನು ತುಂಬಬೇಕಾಯಿತು. ಗುರುವೇ ಇಲ್ಲದ ಸ್ವಾಧ್ಯಾಯಕ್ಕೂ ಒಂದು ಕುಂದು ಉಂಟು.

ಆ ವರದಿಗಳು ಮೂರು: 1913ರ ಆಗಸ್ಟಿನಲ್ಲಿ ಒಂದು, ನವಂಬರಿನಲ್ಲಿ ಒಂದು, 1914ರ ಮಾರ್ಚಿಯಲ್ಲಿ ಒಂದು. ಮೂರನೆಯದನ್ನು ಒಪ್ಪಿಸಿದ ಕೆಲವೇ ದಿನಗಳಲ್ಲಿ, ಮಾರ್ಚ್ 17ನೆಯ ತಾರೀಖಿಗೆ, ಅವರು ಮದ್ರಾಸಿನಿಂದ ಹಡಗನ್ನೇರಿದರು. ಎರಡು ವರ್ಷಗಳ ತರುವಾಯ 1916ರಲ್ಲಿ ಕೇಂಬ್ರಿಜ್ಜು ಅವರಿಗೆ ಬಿ. ಎ. ಪದವಿಯನ್ನು ಕೊಟ್ಟದ್ದು ಒಂದು ಸಂಶೋಧನಪ್ರಬಂಧಕ್ಕಾಗಿ. ಟ್ರೈಪಾಸ್ ಪರೀಕ್ಷೆಗೆ ಅವರು ಕೂಡಲಿಲ್ಲ.